ಡಬ್ಬಿ ಒಳಗ ಏನದ ಅಂತ ನಮಗೂ ಗೊತ್ತಿರಬೇಕ್ರಿ

ನಮ್ಮ ಮನಿಗೋಳಾಗ ಒಂದು ರೂಢಿ ಅದ ನೋಡ್ರಿ. ಮಿಕ್ಸರ್ ಕೆಟ್ರ ನಮ್ಮನ್ನ ಕೇಳ್ತಾರ. ಗ್ಯಾಸ್ ಮುಗಿದ್ರ ನಮ್ಮನ್ನ ಕೇಳ್ತಾರ. ನಳದಾಗ ನೀರು ಯಾವತ್ತು ಬರ್ತದ, ಎಷ್ಟೊತ್ತು ಇರ್ತದ ಅನ್ನೋದೂ ನಮಗೇ ಗೊತ್ತಿರಬೇಕು. ಆದ್ರ ಕಂಪ್ಯೂಟರ್ ಅಂದಕೂಡಲೇ "ನೀ ಮುಟ್ಟಬ್ಯಾಡ, ಏನರೆ ಹೆಚ್ಚುಕಮ್ಮಿ ಆದೀತು" ಅಂತಾರ. ನಾವೂ ಹೂಂ ಅಂತ ಸುಮ್ಮನ ಬಾಜೂಕ ಸರಿದು ನಿಲ್ಲತೀವಿ. ಖಂಡೇನವಮಿ ದಿನ ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ಹೂ ಏರಿಸಿ, ಆರತಿ ಮಾಡೋರು ಮಾತ್ರ ನಾವೇ. ಪೂಜಿ ಮಾಡೋ ದೇವರ ಹೆಸರು ಗೊತ್ತಿರಬೇಕು ಹೌದಿಲ್ಲೋ?

ನನ್ನ ಅಭಿಪ್ರಾಯ ಇಷ್ಟೇ. ಮನ್ಯಾಗ ಇರೋ ಕಂಪ್ಯೂಟರ್ ಒಳಗ ಏನೇನದ, ಯಾವುದಕ್ಕ ಏನಂತಾರ, ಯಾವುದು ಕೆಟ್ರ ಏನಾಗ್ತದ ಅನ್ನೋದು ಮನಿ ನಡಸೋ ಹೆಂಗಸಿಗೆ ಗೊತ್ತಿರಲೇಬೇಕು. ಶಾಣ್ಯಾತನ ತೋರಸಲಿಕ್ಕಲ್ಲ. ನಮ್ಮ ರೊಕ್ಕ, ನಮ್ಮ ಕಾಗದಪತ್ರ, ನಮ್ಮ ಮಕ್ಕಳ ಫೋಟೋ ಎಲ್ಲಾ ಈಗ ಅದರೊಳಗ ಕೂತಾವ, ಅದಕ್ಕ.

ನಾ ಏನೂ ಇಂಜಿನಿಯರ್ ಅಲ್ಲ. ಕಲ್ತದ್ದು ಪಿಯುಸಿ ತನಕ, ಅದೂ ಆರ್ಟ್ಸ್. ಮಗಾ ಕಾಲೇಜಿಗೆ ಹೋಗೋವಾಗ ತಂದ ಡೆಸ್ಕ್‌ಟಾಪ್ ನಮ್ಮ ಪಡಸಾಲ್ಯಾಗ ಕೂತದ. ಅವ ನೌಕರಿ ಅಂತ ಪುಣೆಗೆ ಹೋದ, ಅದು ನನ್ನ ಪಾಲಿಗೆ ಉಳೀತು. ರಿಪೇರಿ ಹುಡುಗ ಬಂದಾಗೆಲ್ಲಾ ಚಹಾ ಕೊಟ್ಟು, ಬಾಜೂಕ ಕುರ್ಚಿ ಹಾಕ್ಕೊಂಡು ಕೂತು, "ಇದಕ್ಕೇನಂತಾರಪಾ, ಇದು ಯಾಕ ಬೇಕು" ಅಂತ ಕೇಳಿ ಕೇಳಿ ತಿಳ್ಕೊಂಡೆ. ಅದನ್ನ ನಿಮಗೂ ಹೇಳ್ತೀನಿ.

ಮೊದಲ ಹಾರ್ಡ್‌ವೇರ್ ಮತ್ತ ಸಾಫ್ಟ್‌ವೇರ್. ಹುಡುಗೂರು ಈ ಎರಡು ಶಬ್ದ ಹಿಂಗ ಒಗೀತಾರ, ನಮಗ ಎದಿ ಧಸಕ್ಕಂತದ. ಅಂಥಾದ್ದೇನಿಲ್ಲ. ಅರಿವೀಲೆ ಧೂಳು ಒರಸಲಿಕ್ಕೆ ಬರೋದೆಲ್ಲಾ ಹಾರ್ಡ್‌ವೇರ್. ಒರಸಲಿಕ್ಕೆ ಬರಲಾರದ್ದು ಸಾಫ್ಟ್‌ವೇರ್. ಕೀಬೋರ್ಡ್, ಮೌಸ್, ಮಾನಿಟರ್, ಕೆಳಗಿನ ಡಬ್ಬಿ, ಡಬ್ಬಿ ಒಳಗಿನ ಫ್ಯಾನು, ಇವೆಲ್ಲಾ ಹಾರ್ಡ್‌ವೇರ್. ಇವಕ್ಕ "ಹಿಂಗ ಮಾಡು, ಹಂಗ ಮಾಡು" ಅಂತ ಹೇಳೋ ಅಪ್ಪಣಿಗೋಳು ಸಾಫ್ಟ್‌ವೇರ್. ಕೀಬೋರ್ಡ್ ಮ್ಯಾಲೆ ಬರೇ ಇಂಗ್ಲಿಷ್ ಅಕ್ಷರ ಅವ, ಆದ್ರ ನಾ ಒತ್ತಿದ್ರ ಕನ್ನಡ ಮೂಡ್ತದ. ಕೀಲಿ ಏನೂ ಬದಲ್ಸಿಲ್ಲ, ಅಪ್ಪಣಿ ಬದಲ್ಸೇದ. ನಮ್ಮ ಕೆ.ಪಿ. ರಾವ್ ಅವರು ಕನ್ನಡಕ್ಕ ಕೀಲಿಗೋಳ ಜೋಡಣಿ ಹೊಂದಿಸಿ ಕೊಟ್ರು, 1998ರಾಗ ಶೇಷಾದ್ರಿವಾಸು ಅವರು 'ಬರಹ' ಮಾಡಿದ್ರು, ಕನ್ನಡ ಗಣಕ ಪರಿಷತ್ತಿನವರು 'ನುಡಿ' ಮಾಡಿದ್ರು. ಅದೇ ಡಬ್ಬಿ, ಅದೇ ಕೀಲಿ. ಅವರು ಬರೆದ ಅಪ್ಪಣಿಯಿಂದ ನಾವು ಕನ್ನಡ ಬರೀಲಿಕ್ಕತ್ತೇವಿ. ಸಾಫ್ಟ್‌ವೇರ್ ಅಂದ್ರೇನು ಅಂತ ಯಾರರೆ ಕೇಳಿದ್ರ ನಾ ಇದನ್ನೇ ತೋರಸ್ತೀನಿ.

ಇನ್ನ ಡಬ್ಬಿ. ನಾವೆಲ್ಲಾ ಆ ಇಡೀ ಡಬ್ಬಿಗೆ 'ಸಿಪಿಯು' ಅಂತೀವಿ. ಖರೇ ಸಿಪಿಯು ಒಳಗ ಇರ್ತದ, ಗ್ಲೂಕೋಸ್ ಬಿಸ್ಕಿಟ್‌ಗಿಂತಾ ಸಣ್ಣದು. ಲೆಕ್ಕಾ ಮಾಡೋದು, ಹೇಳಿದ್ದು ಕೇಳೋದು ಎಲ್ಲಾ ಅದೇ. ಕೆಲಸಾ ಮಾಡ್ತಾ ಮಾಡ್ತಾ ಭಾಳ ಕಾಯ್ತದ, ಅದಕ್ಕ ಅದರ ತಲಿ ಮ್ಯಾಲೆ ಒಂದು ಫ್ಯಾನ್ ಕೂಡಿಸಿರ್ತಾರ. ಫ್ಯಾನಿನಾಗ ಧೂಳು ತುಂಬಿದ್ರ ಗಾಳಿ ಆಡೂದಿಲ್ಲ, ಕಂಪ್ಯೂಟರ್ ಬಿಸಿ ಆಗಿ ತಾನ ಬಂದ್ ಬೀಳ್ತದ. ನಮ್ಮ ಧಾರವಾಡ ಹುಬ್ಬಳ್ಳಿ ಧೂಳಿಗೆ ಇದು ಭಾಳ ಆಗ್ತದ ನೋಡ್ರಿ. ಕುಂಕುಮ, ಅಕ್ಷತಿ ಒಳಗ ಬೀಳಧಂಗ ಹೊರಗಿನ ಮೂಲ್ಯಾಗ ಹಚ್ಚ್ರಿ, ಫ್ಯಾನಿನ ಜಾಳಗಿ ಮ್ಯಾಲೆ ಬ್ಯಾಡ.

ಇವನ್ನೆಲ್ಲಾ ಹಿಡ್ಕೊಂಡು ಕೂತ ದೊಡ್ಡ ಹಲಗಿಗೆ ಮದರ್‌ಬೋರ್ಡ್ ಅಂತಾರ. ತಾಯಿ ಹಲಗಿ! ಎಲ್ಲಾರನೂ ಒಂದಕ್ಕೊಂದು ಜೋಡಸೋದು ಅದು, ಯಾರ ಕಣ್ಣಿಗೂ ಬೀಳೂದಿಲ್ಲ. ಹೆಸರು ಇಟ್ಟವರು ಯಾರೋ ಗೊತ್ತಿದ್ದವರೇ ಇರಬೇಕು ಬಿಡ್ರಿ. ಗ್ವಾಡಿಯಿಂದ ಬರೋ ಕರೆಂಟನ್ನ ಹದಾ ಮಾಡಿ ಹಂಚೋ ಡಬ್ಬಿಗೆ ಎಸ್‌ಎಂಪಿಎಸ್ ಅಂತಾರ.

ಎಲ್ಲಾರೂ ಗಲಿಬಿಲಿ ಆಗೋದು ರ್‍ಯಾಮ್ ಮತ್ತ ಡಿಸ್ಕಿನಾಗ. ಇವೆರಡಕ್ಕೂ 'ಮೆಮೊರಿ' ಅಂತ ಒಂದೇ ಹೆಸರು ಹೇಳಿ ಅಂಗಡ್ಯಾವರು ನಮ್ಮನ್ನ ತಿರುಗಸ್ತಾರ. ಡಿಸ್ಕ್ ಅಂದ್ರ ನಮ್ಮ ಹಳೀ ಮನ್ಯಾಗಿನ ಹಗೇವು ಇದ್ದಂಗ. ಇಟ್ಟದ್ದು ವರ್ಷಗಟ್ಲೆ ಇರ್ತದ, ಕರೆಂಟ್ ಹೋದ್ರೂ ಇರ್ತದ. ರ್‍ಯಾಮ್ ಅಂದ್ರ ಅಡಗಿ ಕಟ್ಟಿ. ಈಗ ಏನು ಮಾಡ್ಲಿಕ್ಕತ್ತೇವಿ ಅದಷ್ಟೇ ಕಟ್ಟಿ ಮ್ಯಾಲೆ ಇರ್ತದ, ಬಂದ್ ಮಾಡಿದ್ರ ಎಲ್ಲಾ ಸಾಫ್. ಕಟ್ಟಿ ಸಣ್ಣದಿದ್ರ ಹಗೇವಿನಾಗ ಎಷ್ಟು ಜ್ವಾಳ ಇದ್ರೂ ರೊಟ್ಟಿ ಲಗೂನ ಆಗೂದಿಲ್ಲ. ಹಂಗೇ ಒಮ್ಮೆಲೇ ನಾಕು ಕೆಲಸಾ ತಗದು ಕೂತಾಗ ಕಂಪ್ಯೂಟರ್ ನಿಧಾನ ಆದ್ರ, ಫೋಟೋ ಅಳಸಿದ್ರ ಏನೂ ಉಪಯೋಗಿಲ್ಲ, ರ್‍ಯಾಮ್ ಸಾಲವಲ್ದು. ಫೋಟೋ ಇಡಲಿಕ್ಕೆ ಜಾಗಾ ಇಲ್ಲಂದ್ರ ರ್‍ಯಾಮ್ ಹಾಕಿಸಿದ್ರ ಏನೂ ಉಪಯೋಗಿಲ್ಲ, ಡಿಸ್ಕ್ ತುಂಬೇದ. ಮೊಬೈಲ್ ತಗೊಳ್ಳೋವಾಗ 8 ಜಿಬಿ, 128 ಜಿಬಿ ಅಂತ ಎರಡು ಅಂಕಿ ಹೇಳ್ತಾರಲ್ಲಾ, ಸಣ್ಣದು ಕಟ್ಟಿ, ದೊಡ್ಡದು ಹಗೇವು. ಇಷ್ಟು ಗೊತ್ತಿದ್ರ ಅರ್ಧಾ ಅಂಗಡಿ ಮಾತು ನಮಗ ತಿಳಿಧಂಗ.

ಡಿಸ್ಕಿನಾಗ ಎರಡು ನಮೂನಿ ಅವ. ಹಳೇದು ಹಾರ್ಡ್ ಡಿಸ್ಕ್, ಒಳಗ ತಾಟು ಗರಗರ ತಿರಗ್ತಿರ್ತದ. ಹೊಸದು ಎಸ್‌ಎಸ್‌ಡಿ, ಒಳಗ ತಿರುಗೋದು ಏನೂ ಇಲ್ಲ, ಚಿಪ್ ಅಷ್ಟೇ, ಭಾಳ ಚುರುಕು. ನಮ್ಮ ಹಳೀ ಡೆಸ್ಕ್‌ಟಾಪ್ ಚಾಲೂ ಆಗೂದ್ರಾಗ ಒಂದು ಚಹಾ ಕುದ್ದು ಸೋಸಿ ಆಗ್ತಿತ್ತು. ಎಸ್‌ಎಸ್‌ಡಿ ಹಾಕಿಸಿದ ಮ್ಯಾಲೆ ಹಾಲು ಇಡೂದ್ರಾಗ ಚಾಲೂ ಆಗಿರ್ತದ. ಹೊಸಾ ಕಂಪ್ಯೂಟರ್ ತರೋ ಖರ್ಚು ಉಳೀತು.

ಇನ್ನೊಂದು. ನಮ್ಮ ನಾದಿನಿ 1 ಟಿಬಿ ಡಿಸ್ಕ್ ತಂದ್ಲು, ಕಂಪ್ಯೂಟರಿನಾಗ ನೋಡಿದ್ರ 931 ಜಿಬಿ ಅಂತ ತೋರಸ್ತು. "ವೈನಿ, ಅಂಗಡ್ಯಾಂವ ಮೋಸಾ ಮಾಡ್ಯಾನ" ಅಂತ ಫೋನ್ ಹಚ್ಚಿದ್ಲು. ಮೋಸ ಅಲ್ಲ ಅದು. ಡಿಸ್ಕ್ ಮಾಡೋರು ಸಾವಿರದ ಲೆಕ್ಕದಾಗ ಅಳೀತಾರ, ವಿಂಡೋಸ್ 1024ರ ಲೆಕ್ಕದಾಗ ಅಳೀತದ. ಒಬ್ಬರ ಸೇರು ಸಣ್ಣದು, ಇನ್ನೊಬ್ಬರ ಸೇರು ದೊಡ್ಡದು, ಕಾಳು ಅಷ್ಟೇ ಅವ. ತಿಳಕೊಂಡ್ರ ಎರಡು ಲಾಭ ನೋಡ್ರಿ. ಮೋಸಾ ಆದಾಗ ಗೊತ್ತಾಗ್ತದ, ಮೋಸಾ ಆಗದೇ ಇದ್ದಾಗ ಪಾಪ ಒಬ್ಬರ ಮ್ಯಾಲೆ ಗೂಬಿ ಕೂಡಸೋದು ತಪ್ಪತದ.

ಮೋಸದ್ದೂ ಹೇಳ್ತೀನಿ. ಎರಡು ವರ್ಷದ ಹಿಂದ ನಮ್ಮ ಕಂಪ್ಯೂಟರ್ ಚಾಲೂ ಮಾಡಿದಾಗೊಮ್ಮೆ ತಾರೀಖು ಹಳೇ ವರ್ಷಕ್ಕ ಹೋಗಿ ಕೂಡಲಿಕ್ಕತ್ತು. ಬ್ಯಾಂಕಿನ ಪುಟ ತಗದ್ರ "ಇದು ಸುರಕ್ಷಿತ ಅಲ್ಲ" ಅಂತ ಕೆಂಪು ಎಚ್ಚರಿಕಿ. ಒಂದು ಅಂಗಡ್ಯಾಗ ತೋರಿಸಿದ್ವಿ. ಅಂವ ಮುಚ್ಚಳಾನೂ ಬಿಚ್ಚಲಿಲ್ಲ, "ಮದರ್‌ಬೋರ್ಡ್ ಹೋಗ್ಯದ ಅಕ್ಕೋರ, ಆರೂವರಿ ಸಾವಿರ ಆಗ್ತದ. ಅದಕ್ಕಿಂತಾ ಹೊಸಾದು ತಗೋರಿ" ಅಂದ. ನಮ್ಮನಿಯವರು ಆಗಲೇ ಲೆಕ್ಕಾ ಹಾಕಲಿಕ್ಕತ್ತಿದ್ರು. ನಾ ಕೇಳಿದೆ, "ತಮ್ಮಾ, ಒಳಗ ನಾಣ್ಯದಂಥಾ ಒಂದು ಸೆಲ್ ಇರ್ತದಲ್ಲಾ, ಅದನ್ನ ಬದಲ್ಸಿ ನೋಡಿಯೇನು?" ಅಂವ ನನ್ನ ಮುಖಾ ನೋಡಿದ. ಆಮ್ಯಾಲೆ ನಮ್ಮನಿಯವರ ಮುಖಾ ನೋಡಿದ. "ಅದೂ ಇರಬಹುದು" ಅಂದ.

ಅದೇ ಇತ್ತು. ಮದರ್‌ಬೋರ್ಡ್ ಮ್ಯಾಲೆ ಸಿಆರ್2032 ಅಂತ 3 ವೋಲ್ಟಿನ ಸಣ್ಣ ಸೆಲ್ ಇರ್ತದ. ಕರೆಂಟ್ ಇಲ್ಲದಾಗೂ ಗಡಿಯಾರ ನಡೀಲಿ ಅಂತ. ಕೆಲವು ವರ್ಷಕ್ಕ ಅದರ ಕಸುವು ತೀರತದ, ತಾರೀಖು ಮರೀತದ. ಬ್ಯಾಂಕಿನ ಪುಟಕ್ಕ ಇಂಥಾ ದಿನದಿಂದ ಇಂಥಾ ದಿನದ ತನಕ ಅಂತ ಒಂದು ಪ್ರಮಾಣಪತ್ರ ಇರ್ತದ. ಕಂಪ್ಯೂಟರಿನ ತಾರೀಖೇ ತಪ್ಪಿದ್ರ ಆ ಪತ್ರ ನಡೆಯೂದಿಲ್ಲ ಅಂತ ಅದು ಬಾಗಲಾ ಹಾಕ್ತದ. ಸೆಲ್ಲಿಗೆ ನೂರು ರೂಪಾಯಿನೂ ಹತ್ತಲಿಲ್ಲ. ಎಲ್ಲಾ ಅಂಗಡ್ಯಾವರೂ ಹಂಗ ಅಂತ ನಾ ಅನ್ನೂದಿಲ್ಲ. ನಮ್ಮನಿಗೆ ಬರೋ ರಿಪೇರಿ ಹುಡುಗನೇ ನನಗ ಈ ಸೆಲ್ಲಿನ ಸಂಗತಿ ಹೇಳಿದ್ದು. ಆದ್ರ ಕೇಳೋರಿಲ್ಲ ಅಂತ ಗೊತ್ತಾದ ಕಡೆ ಬೆಲಿ ಏರತದ. ಬಟ್ಟಿ ಅಂಗಡ್ಯಾಗ, ಕಾಯಿಪಲ್ಯದ ಸಂತ್ಯಾಗ ನಾವು ಇದನ್ನ ಚಂದಾಗಿ ಕಲ್ತೇವಿ. ಇಲ್ಲೆ ಯಾಕ ಬಿಡಬೇಕು?

ಸಾಫ್ಟ್‌ವೇರ್ ಕಡೆ ಬರೂಣು. ಎಲ್ಲಾ ಸಾಫ್ಟ್‌ವೇರಿಗೂ ಯಜಮಾನ ಅಂತ ಒಂದಿರ್ತದ, ಅದಕ್ಕ ಆಪರೇಟಿಂಗ್ ಸಿಸ್ಟಂ ಅಂತಾರ. ವಿಂಡೋಸ್ ಅಂಥಾದ್ದು, ಮೊಬೈಲಿನಾಗ ಆಂಡ್ರಾಯ್ಡ್ ಅಂಥಾದ್ದು. ಈಗಿನ ಗದ್ದಲಾ ಏನಂದ್ರ, ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕ ಬೆಂಬಲ ನಿಲ್ಲಿಸಿದ್ರು. ವಿಂಡೋಸ್ 11 ಹಾಕಬೇಕಂದ್ರ ಕಡಿಮೀತ್ ಕಡಿಮಿ 4 ಜಿಬಿ ರ್‍ಯಾಮ್, 64 ಜಿಬಿ ಜಾಗಾ, ಮ್ಯಾಲೆ ಟಿಪಿಎಂ 2.0 ಅಂತ ಒಂದು ಭದ್ರತಾ ಚಿಪ್ಪು ಬೇಕು. ನಮ್ಮಂಥಾ ಹಳೇ ಡೆಸ್ಕ್‌ಟಾಪಿನಾಗ ಆ ಚಿಪ್ಪು ಇರೂದಿಲ್ಲ. ಹಿಂಗಾಗಿ "ಎಲ್ಲಾ ಹಳೇದು ಒಗದು ಹೊಸಾ ತಗೋರಿ" ಅಂತ ಹೇಳ್ಲಿಕ್ಕತ್ತಾರ.

ಇದು ನನಗ ಒಪ್ಪೂದಿಲ್ಲ. ಹಾರ್ಡ್‌ವೇರ್ ಗಟ್ಟಿ ಅದ, ಸಾಫ್ಟ್‌ವೇರಿಗೆ ಅಷ್ಟೇ ವಯಸ್ಸಾಗೇದ. ಪಾತ್ರಿ ಚಂದ ಇದ್ದಾಗ ಕಲಾಯಿ ಹಾಕಸ್ತಿದ್ವಿ, ಒಗೀತಿದ್ದಿಲ್ಲ. ಲಿನಕ್ಸ್ ಅಂತ ಪುಕ್ಕಟೆ ಸಿಗೋ ಆಪರೇಟಿಂಗ್ ಸಿಸ್ಟಂ ಅದ. ಉಬುಂಟು, ಲಿನಕ್ಸ್ ಮಿಂಟ್ ಅಂತ ಅದರಾಗೂ ಬ್ಯಾರೆ ಬ್ಯಾರೆ ನಮೂನಿ ಅವ, ಹಳೇ ಡಬ್ಬಿಯೊಳಗೂ ನಡೀತಾವ. ನಾ ಮಿಂಟ್ ಹಾಕಿಸೇನಿ. ಪತ್ರಾ ಬರೀಲಿಕ್ಕೆ, ಹಾಡು ಕೇಳಲಿಕ್ಕೆ, ಮಗನ ಜೋಡಿ ಮಾತಾಡಲಿಕ್ಕೆ ನಡದದ. ವಿಂಡೋಸಿನ ಕೆಲವು ಸಾಫ್ಟ್‌ವೇರ್ ಅದರಾಗ ನಡಿಯೂದಿಲ್ಲ, ಅದೂ ಖರೇ. ಆಫೀಸಿನ ಕೆಲಸಾ ಇರೋರು ಕೇಳಿ ಹಾಕಿಸ್ಕೋರಿ. ಬೆಂಬಲ ನಿಂತ ವಿಂಡೋಸಿನಾಗ ಬ್ಯಾಂಕ್ ವ್ಯವಹಾರ ಮಾತ್ರ ಬ್ಯಾಡ, ಹೊಸಾ ತೂತು ಬಿದ್ರ ಮುಚ್ಚೋರು ಇರೂದಿಲ್ಲ.

ಕೆಟ್ಟದ್ದು ಯಾವುದು, ಕೆಡದೇ ಇದ್ದದ್ದು ಯಾವುದು ಅನ್ನೋದಕ್ಕೂ ಈ ಎರಡರ ಭೇದ ಗೊತ್ತಿರಬೇಕು. ನಮ್ಮ ಅಕ್ಕ ಅವ್ವನ ಹಾಡಿನ ವಹಿ ಪೂರಾ ಕಂಪ್ಯೂಟರಿನಾಗ ಏರಿಸಿದ್ಲು. ಆರತಿ ಹಾಡು, ಜೋಗುಳ, ಬೀಸೋಕಲ್ಲಿನ ಹಾಡು, ಎಲ್ಲಾ. ಹೊಸಾ ಲ್ಯಾಪ್‌ಟಾಪಿನಾಗ ತಗದ್ರ ಕನ್ನಡಾನೂ ಅಲ್ಲ, ಇಂಗ್ಲಿಷೂ ಅಲ್ಲ, ಚುಕ್ಕಿ ಗೀಟು. "ವೈರಸ್ ಬಂದದ, ಅಳಸಿ ಒಗೀರಿ" ಅಂತ ಯಾರೋ ಅಂದ್ರು. ಅವ್ವ ಹೋಗಿ ಒಂಬತ್ತು ವರ್ಷ ಆತು, ವಹಿ ಗೆದ್ದಲ ತಿಂದು ಹೋಗ್ಯದ, ಈ ಫೈಲ್ ಅಳಸಿದ್ರ ಮತ್ತ ಹಾಡೋರು ಯಾರು? ಖರೇ ಸಂಗತಿ ಏನಂದ್ರ, ಅದು ಯುನಿಕೋಡ್ ಬರೋಕಿಂತಾ ಮುಂಚಿನ ಫಾಂಟಿನಾಗ ಬರೆದದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಓದಲಿಕ್ಕೆ ಬರೂದಿಲ್ಲ. ಹಳೀ ಫಾಂಟ್ ಹಾಕಿದ ಕೂಡಲೇ ಅಕ್ಷರ ಎಲ್ಲಾ ಎದ್ದು ಕೂತ್ವು, ಆಮ್ಯಾಲೆ ಪರಿವರ್ತಕದಾಗ ಹಾಕಿ ಯುನಿಕೋಡ್ ಮಾಡಿದ್ವಿ. ಒಂದು ಹಾಡೂ ಹೋಗಲಿಲ್ಲ. ನಿಮ್ಮ ಕಡೆ ಇಂಥಾ ಹಳೀ ಫೈಲ್ ಇದ್ರ ಅಳಸಬ್ಯಾಡ್ರಿ, ಮೊದಲ ಕೇಳ್ರಿ.

ಆದ್ರ ಡಿಸ್ಕೇ ಸತ್ರ ಒಳಗಿದ್ದದ್ದು ತಿರುಗಿ ಸಿಗೋದು ಭಾಳ ಕಠಿಣ. ನಮ್ಮ ಓಣ್ಯಾಗ ಒಬ್ಬ ಕಾಕು ಅವರ ಮನ್ಯಾಗ ಹಂಗೇ ಆತು. ಯಜಮಾನರು ತೀರಿಕೊಂಡ ಮ್ಯಾಲೆ ಅವರ ಎಲ್ಲಾ ಫೋಟೋ ಒಂದೇ ಹಾರ್ಡ್ ಡಿಸ್ಕಿನಾಗ ಇದ್ವು. ಕೆಲವು ದಿನ ಕಟಕ್ ಕಟಕ್ ಸಪ್ಪಳಾ ಬರ್ತಿತ್ತಂತ, ಒಂದಿನ ನಿಂತೇ ಹೋತು. ತಿರುಗೋ ಡಿಸ್ಕ್ ಅಂಥಾ ಸಪ್ಪಳಾ ಮಾಡಿದ್ರ ಅದು ಸಾಯೋ ಲಕ್ಷಣ. ಸಪ್ಪಳಾ ಕೇಳಿದ ದಿನಾನೇ ಎಲ್ಲಾ ಬ್ಯಾರೆ ಕಡೆ ತಗದು ಇಡಬೇಕು. ಆ ಕಾಕು ದಿನಾ ಆ ಸಪ್ಪಳಾ ಕೇಳ್ತಿದ್ರು, ಅದಕ್ಕ ಏನರ್ಥ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮುಟ್ಟಬ್ಯಾಡ ಅಂತ ಮಾತ್ರ ಹೇಳಿದ್ರು. ಇದನ್ನ ನೆನಿಸಿದ್ರ ನನಗ ಈಗೂ ಸಿಟ್ಟು ಬರ್ತದ.

ಸಾಫ್ಟ್‌ವೇರಿನ ಇನ್ನೊಂದು ಅಪಾಯ ಫೋನಿನ ಕರೆಗೋಳು. "ನಿಮ್ಮ ಕಂಪ್ಯೂಟರಿನಾಗ ವೈರಸ್ ಅದ, ಈ ಆ್ಯಪ್ ಹಾಕ್ಕೋರಿ, ನಾವು ಸರಿ ಮಾಡ್ತೀವಿ" ಅಂತ ಕರೆ ಬರ್ತದ. ಅಂಥಾ ಆ್ಯಪ್ ಹಾಕಿದ್ರ ನಿಮ್ಮ ಪರದಾ ಮ್ಯಾಲೆ ನಡಿಯೋದೆಲ್ಲಾ ಅವರಿಗೆ ಕಾಣಸ್ತದ, ಕೆಲವೊಮ್ಮೆ ಅವರೇ ನಡಸ್ತಾರ. ಗುರ್ತಿಲ್ಲದವರ ಕೈಯಾಗ ತಿಜೋರಿ ಕೀಲಿ ಕೊಟ್ಟಂಗ ಅದು. ಕಂಪ್ಯೂಟರ್ ಮಾಡಿದ ಕಂಪನಿಯವರು ತಾವಾಗೇ ಫೋನ್ ಮಾಡಿ ನಿಮ್ಮ ವೈರಸ್ ತಗೀಲಿಕ್ಕೆ ಕೂತಿಲ್ಲ. ರೊಕ್ಕಾ ಹೋದ್ರ ಕೂಡಲೇ 1930ಕ್ಕ ಫೋನ್ ಮಾಡ್ರಿ, ನಾಚ್ಕೊಂಡು ಕೂಡಬ್ಯಾಡ್ರಿ. ತಡಾ ಆದಷ್ಟು ರೊಕ್ಕಾ ತಿರುಗಿ ಬರೋದು ಕಠಿಣ.

"ಈ ವಯಸ್ಸಿನಾಗ ನಮಗ ಇದೆಲ್ಲಾ ಯಾಕ್ರಿ, ಹುಡುಗೂರು ನೋಡ್ಕೋತಾರ" ಅಂತ ಮಾಮಿ ಒಬ್ಬರು ಅಂದ್ರು. ಹುಡುಗೂರು ಪುಣೆ, ಬೆಂಗಳೂರು, ಅಮೆರಿಕಾದಾಗ ಅವ, ಡಬ್ಬಿ ಇಲ್ಲದ. ರಾತ್ರಿ ಹತ್ತಕ್ಕ ಕರೆಂಟ್ ಬಿಲ್ಲು ತುಂಬಬೇಕಾದಾಗ ಮನ್ಯಾಗ ಇರೋರು ನಾವೇ. ಇನ್ನೊಬ್ಬರು "ಇದು ಗಂಡಸರ ವಿದ್ಯಾ" ಅಂದ್ರು. ಅದಂತೂ ಖರೇ ಅಲ್ಲ. 1946ರಾಗ ಅಮೆರಿಕಾದವರು ಎನಿಯಾಕ್ ಅಂತ ದೊಡ್ಡ ಖೋಲಿ ತುಂಬೋ ಕಂಪ್ಯೂಟರ್ ಜಗತ್ತಿಗೆ ತೋರಿಸಿದ್ರಲ್ಲಾ, ಅದಕ್ಕ ಲೆಕ್ಕದ ಅಪ್ಪಣಿ ಹೊಂದಿಸಿದವರು ಆರು ಮಂದಿ ಹೆಂಗಸರು. ಯಂತ್ರ ಮಾಡೋದು ದೊಡ್ಡ ಕೆಲಸಾ, ಅಪ್ಪಣಿ ಬರಿಯೋದು ಸಣ್ಣ ಕೆಲಸಾ ಅಂತ ಆಗಿನವರು ತಿಳ್ಕೊಂಡಿದ್ರು, ಹಿಂಗಾಗಿ ಆ ಕೆಲಸಾ ಅವರ ಪಾಲಿಗೆ ಬಂತು. ಯಂತ್ರ ತೋರಿಸಿದ ದಿನ ರಾತ್ರಿ ದೊಡ್ಡ ಊಟ ಇತ್ತು, ಈ ಆರು ಮಂದಿಗೆ ಕರೇನೇ ಇರಲಿಲ್ಲ! ಅಡಗಿ ಮಾಡಿದವರಿಗೆ ತಾಟು ಇಲ್ಲಂಧಂಗ ಆತು.

1969ರಾಗ ಚಂದ್ರನ ಮ್ಯಾಲೆ ಮನಷ್ಯಾ ಇಳದನಲ್ಲಾ, ಆ ಅಪೋಲೋ ನೌಕಾದ ಕಂಪ್ಯೂಟರಿನ ಸಾಫ್ಟ್‌ವೇರನ್ನ ಹೆಂಗಸರು ಕೈಯಿಂದ ನೇಯ್ದಾರ. ಖರೇನೇ ನೇಯ್ದದ್ದು! ಸಣ್ಣ ಸಣ್ಣ ಉಂಗುರ, ಅದರೊಳಗಿಂದ ತಂತಿ ಹೋದ್ರ 1, ಹೊರಗಿಂದ ಹೋದ್ರ 0. ಕಾರ್ಖಾನ್ಯಾಗ ಕೂತು ಒಂದೂ ಎಳಿ ತಪ್ಪದಂಗ ಹೆಣದ್ರು. ಆ ಸಾಫ್ಟ್‌ವೇರ್ ಬರೆದ ತಂಡದ ಮುಂದಾಳು ಮಾರ್ಗರೆಟ್ ಹ್ಯಾಮಿಲ್ಟನ್ ಅನ್ನೋ ಹೆಂಗಸು. ಇಳಕಲ್ ಸೀರಿ ಸೆರಗಿನ ತೋಪ್ ತೆನಿ ಎಳಿ ಎಳಿ ಜೋಡಸೋದು ನೋಡಿದವರಿಗೆ ಇದೇನು ಹೊಸದೇನ್ರಿ?

ಹಂಗಂತ ಎಲ್ಲಾ ಬಿಚ್ಚಿ ಕೂಡ್ರಿ ಅನ್ನೂದಿಲ್ಲ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಲೇಬ್ಯಾಡ್ರಿ, ವೈರ್ ಕಿತ್ತ ಮ್ಯಾಲೂ ಅದರೊಳಗ ಕರೆಂಟ್ ಉಳಿದಿರ್ತದ, ಹೊಡೀತದ. ಬ್ಯಾರೆ ಕಡೆ ಧೂಳು ಹೊಡೀಬೇಕಂದ್ರೂ ಪ್ಲಗ್ ಕಿತ್ತು, ಒಣಾ ಬ್ರಷ್‌ನ್ಯಾಗ ಮೆತ್ತಗ. ಒದ್ದಿ ಅರಿವಿ ಒಳಗ ಬ್ಯಾಡ.

ನಾ ಹೇಳೋದು ಮೂರು. ಒಂದು, ರಿಪೇರಿಗೆ ಕೊಟ್ಟಾಗ "ಯಾವುದು ಕೆಟ್ಟದ, ಹಾರ್ಡ್‌ವೇರೋ ಸಾಫ್ಟ್‌ವೇರೋ, ಹೆಂಗ ಗೊತ್ತಾತು" ಅಂತ ಕೇಳ್ರಿ, ಬದಲ್ಸಿದ ಹಳೇ ಸಾಮಾನು ತಿರುಗಿ ಇಸ್ಕೋರಿ. ಎರಡು, ಯಾವ ಕಾಗದ ಯಾವ ಫೋಲ್ಡರಿನಾಗ ಅದ, ಪಾಸ್‌ವರ್ಡ್ ಏನು ಅನ್ನೋದು ಮನ್ಯಾಗ ಇಬ್ಬರಿಗೆ ಗೊತ್ತಿರಲಿ, ಅದರಾಗ ಒಬ್ಬರು ನೀವಿರ್ರಿ. ಮೂರು, ಬರೋ ಐತವಾರ ಊಟ ಆದ ಮ್ಯಾಲೆ ಒಂದು ತಾಸು ಕೂತು, ಮನಿ ಫೋಟೋ ಎಲ್ಲಾ ಇನ್ನೊಂದು ಡಿಸ್ಕಿಗೆ ಇಳಿಸ್ರಿ. ಅದನ್ನ ಕಂಪ್ಯೂಟರಿನ ಬಾಜೂಕ ಇಡಬ್ಯಾಡ್ರಿ, ಟ್ರೆಝರಿಯೊಳಗ ರೇಷ್ಮಿ ಸೀರಿ ಸಂದ್ಯಾಗ ಇಡ್ರಿ. ಹೆಂಗ ಇಳಸಬೇಕಂತ ಬರಲಿಲ್ಲಂದ್ರ ನಮ್ಮನಿಗೆ ಬರ್ರಿ, ಚಹಾ ಕುಡ್ಕೋತ ತೋರಸ್ತೀನಿ.